ಹಿಂದ ಬಂದ ಗಂಟು

೮ ಜೂನ್ ೨೦೦೯, ಸೋಮವಾರ, ಬ್ಯಾಡಗಿ

ಈ ಡೈರಿ ಬೀಜದ ಕಂಪನಿಯವರು ಪುಕ್ಕಟೆ ಹಂಚಿದ್ದು. ಹಾಳಿಗೊಂದು ಬದನಿಕಾಯಿ, ಇಲ್ಲಾ ಟೊಮೆಟೊ. ಜನವರಿಯಿಂದ ಖಾಲಿ ಬಿದ್ದಿತ್ತು. ನಾ ಕರ್ಜಗಿ ಸಾಲ್ಯಾಗ ನಾಲ್ಕನೇತ್ತಾತನಕ ಕಲತಾಕಿ, ಅಕ್ಷರ ಇನ್ನೂ ಕೈಯಾಗ ಅದಾವ. ನಾ ಮಾತಾಡಿದ್ರ ಮಂದಿ ಎದ್ದು ಹೋಗತಾರ. ಹಾಳಿ ಎದ್ದು ಹೋಗೂದಿಲ್ಲ. ಅದಕ್ಕ ಬರಿಯಾಕತ್ತೇನಿ.

ನನ್ನ ಮಗ ಪ್ರವೀಣಕುಮಾರ ಹೋದ ದೀಪಾವಳಿ ಮುಂದ ಹೈವೇದಾಗ ತೀರಿಕೊಂಡ. ಅದನ್ನ ಬರಿಯೂದಿಲ್ಲ. ಅವನ ಕಂಪ್ಯೂಟರ್ ಅಂಗಡಿ ನಮ್ಮ ಪಡಸಾಲ್ಯಾಗಽ ಐತಿ. ಲಗ್ನಪತ್ರಿಕಿ, ಅರ್ಜಿ, ಮೆಣಸಿನಕಾಯಿ ಚೀಲಕ್ಕ ಹಚ್ಚೂ ಚೀಟಿ, ಎಲ್ಲಾ ಅಲ್ಲೇ ಟೈಪ್ ಮಾಡಿ ಪ್ರಿಂಟ್ ತಗೀತಾರ. ಈಗ ಅದನ್ನ ಅವನ ಹೇಂತಿ ನಡಸತಾಳ. ಮನ್ಯಾಗ ನಾವು ಮೂರ ಮಂದಿ. ನಾನು, ಅಕಿ, ಮೊಮ್ಮಗಳು ಸ್ನೇಹಾ.

ಅಕಿ ಅತ್ತದ್ದು ನಾ ನೋಡಿಲ್ಲ. ಹದಿಮೂರನೇ ದಿನದ ಕಾರ್ಯ ಮುಗಿಯೂದ ತಡಾ, ಅಂಗಡಿ ಬಾಗಲಾ ತೆರದು ಕುಂತಾಕಿ. ಎದಿಯೊಳಗ ಕಡಪಾ ಕಲ್ಲ ಹಾಸ್ಯಾರೋ ಏನೋ.

ಮಧ್ಯಾಹ್ನ ಜೋಂಪು ಹತ್ತಿತ್ತು. ಪ್ಯಾಟಿ ತುಂಬ ಮೆಣಸಿನಕಾಯಿ ಹರವಿದ್ರು, ಕಣ್ಣು ಮುಟ್ಟೂತನಕ ಕೆಂಪಽ ಕೆಂಪು. ಅದರ ಮ್ಯಾಲ ಪ್ರವೀಣ ಬರಿಗಾಲಲೆ ನಡದು ಬಂದ. ಒಂದ ಕಾಯೀನೂ ಒಡೀಲಿಲ್ಲ, ಒಂದ ಸದ್ದೂ ಆಗಲಿಲ್ಲ. ಎಚ್ಚರಾದ್ರ ಬಾಯಾಗ ಖಾರ.

೧೧ ಜೂನ್, ಗುರುವಾರ

ಮುಂಜಾನೆ ಚಾ ಲೋಟಾ ಹಿಡಕೊಂಡು ಅಂಗಡ್ಯಾಗ ಕುಂತಿದ್ದೆ. ಅಕಿ ಗುಂಡಿ ಒತ್ತಿದ್ಲು. ಯಂತ್ರ ಕಣ್ಣ ಬಿಟ್ಟು, ಯಾರೂ ಹೇಳದಽ ತನ್ನಷ್ಟಕ್ಕ ಏನೋ ತರಸಾಕ ಹತ್ತಿತು. ನೀಲಿ ಪಟ್ಟಿ ಒಂದು ಸಾವಕಾಶ ತುಂಬಿಕೋತ ಹೋತು, ಹರಿಯೂ ನೀರ ಹೊಲದಾಗ ತುಂಬಿದಂಗ.

‘ಏನ ಮಾಡಾಕತ್ತೈತದು?’

‘ಹೊಸಾವು ಬಂದಾವ್ರಿ ಅತ್ತಿ. ತಾನಽ ತರಸಿಕೊಂಡು, ಹಳೇವನ್ನ ತಗದು ಕುಂದ್ರಸತೈತಿ. ಪ್ಯಾಕೇಜು ಅಂತಾರ.’

‘ಗಂಟು ಅನ್ನು. ಯಾರ ಹೇಳ್ಯಾರ ಅದಕ್ಕ?’

‘ಇವರ ಹೇಳಿಟ್ಟಾರ್ರಿ. ಇದರೊಳಗ ಇರೂ ಲಿನಕ್ಸ್ ಹಂಗಽ. ಒಮ್ಮೆ ಹೇಳಿಟ್ರ ದಿನಾ ಮಾಡತೈತಿ.’

ಚಾ ತಣ್ಣಗಾತು. ಹೇಳಿದಾವ ಇಲ್ಲ. ಅವ ಹೇಳಿದ್ದು ಮಾತ್ರ ದಿನಾ ಮುಂಜಾನೆ ನಡದೈತಿ. ನೀಲಿ ಪಟ್ಟಿ ತುಂಬೂವಾಗ ಅವ ಒಳಗ ಎಲ್ಲೋ ಓಡ್ಯಾಡಾಕತ್ತಾನ ಅನಸ್ತು. ಇನ್ನ ದಿನಾ ಅಲ್ಲೇ ಚಾ ಕುಡಿಯಾಕಿ ನಾ.

೧೯ ಜೂನ್, ಶುಕ್ರವಾರ

ಇವತ್ತ ಮನ್ಯಾಗ ಕಿಚ್ಚು.

ನಿನ್ನೆ ಹೊಸ ಗಂಟು ಬಂದಮ್ಯಾಲ ಪ್ರಿಂಟರು ಸುಮ್ಮನ ಕುಂತೈತಂತ. ಅಕಿ ಅಂದ್ಲು, ‘ತಾನಾಗೇ ಬರೂದನ್ನ ಬಂದ್ ಮಾಡತೇನ್ರಿ ಅತ್ತಿ. ಬಂದಾವನ್ನ ನಾ ಒಂದೊಂದಾಗಿ ನೋಡಿ, ಬೇಕಾದ್ದಷ್ಟ ತಗೋತೇನಿ.’

‘ನನ್ನ ಮಗ ಹೇಳಿಟ್ಟದ್ದನ್ನ ಬಂದ್ ಮಾಡಾಕಿ ನೀ ಯಾರವ್ವಾ? ಅವನ ಉಸರ ಬಂದ್ ಆದದ್ದು ಸಾಲಲಿಲ್ಲೇನು ನಿನಗ?’

ಅಕಿ ಇಲಿಯಂಥಾದ್ದನ್ನ ಕೈಯಾಗಿಂದ ಬಿಟ್ಟು ಗ್ವಾಡಿ ನೋಡಿದ್ಲು. ಬಂದ್ ಮಾಡಲಿಲ್ಲ. ತಿರಗಿ ಒಂದ ಮಾತ ಅಂದಿದ್ರ ನನಗೂ ಹಗರ ಆಗತಿತ್ತು.

ಸಂಜೀಕ ಅಕಿ ಅಣ್ಣ ಯಲ್ಲೇಶ ರಾಣೆಬೆನ್ನೂರಿಂದ ಬಂದ. ಬೀಜದ ಕಂಪನ್ಯಾಗ ಇರ್ತಾನ, ಡೈರಿ ಕೊಟ್ಟಾವ ಅವನಽ. ಅಕಿ ಹಿತ್ತಲದಾಗ ಅರಬಿ ಹಿಂಡಾಕತ್ತಿದ್ಲು, ಇವ ದನಿ ಸಣ್ಣ ಮಾಡಿ ಅಂದ:

‘ಅತ್ತಿಯವರ, ಪಂಚಮಿಗೆ ನಮ್ಮ ಅರುಣಾನ್ನ ಕರಿಯಾಕ ಬರತೇನ್ರಿ. ಈ ಸಲ ಹೊಳ್ಳಿ ಕಳಸೂದು ಬ್ಯಾಡಂತ ನಮ್ಮ ವಿಚಾರ. ನಮ್ಮ ಕಂಪನಿ ಆಫೀಸಿನ್ಯಾಗ ಕೆಲಸ ಐತಿ, ಕೂಸು ಅಲ್ಲೇ ಸಾಲಿಗೆ ಹೋಗತೈತಿ. ನೀವೇನಂತೀರಿ?’

‘ಕರಕೊಂಡ ಹೋಗು. ನಾ ಏನ ಹಗ್ಗಾ ಕಟ್ಟೇನೇನು?’

ಬಾಯಿ ಬಿಸಿ ಇತ್ತು, ಅಂದೆ. ಅವ ಬಸ್ಸ ಹತ್ತಿ ಹೋದಮ್ಯಾಲ ‘ಕೂಸು’ ಅಂದದ್ದು ಕಿವಿಗೆ ಬಿತ್ತು.

೩ ಜುಲೈ, ಶುಕ್ರವಾರ

ಪ್ರವೀಣ ಇದ್ದಾಗ ಸೂಟಿಯೊಳಗ ಹುಡುಗರಿಗೆ ಕಂಪ್ಯೂಟರ್ ಕಲಸತಿದ್ದ. ಅದಕ್ಕಂತ ಒಂದು ದೊಡ್ಡ ಗಂಟು ಹಾಕಿದ್ದ, ಆಟ, ಚಿತ್ರ, ಲೆಕ್ಕ ಎಲ್ಲಾ ಇರೂದು. ಈಗ ಹುಡುಗರು ಬರೂದಿಲ್ಲ, ಜಾಗಾ ತಿಂತೈತಿ ಅಂತ ಅಕಿ ಇವತ್ತ ಅದನ್ನ ತಗದ್ಲು. ತಗದಮ್ಯಾಲ ಯಂತ್ರ ಉದ್ದಾನ ಯಾದಿ ತೋರಿಸಿ ಏನೋ ಕೇಳಿತು. ಅಕಿ ಬಟ್ಟ ಇಟ್ಟು ಒಂದೊಂದಾಗಿ ಓದಾಕತ್ತಿದ್ಲು. ಅಷ್ಟರಾಗ ಹಿತ್ತಲದಾಗ ಸ್ನೇಹಾ ಬಿದ್ದು ಚೀರಿತು, ಅಕಿ ಓಡಿದ್ಲು.

ನಾ ಆಗಷ್ಟೇ ದೀಪಾ ಹಚ್ಚಿ ಬಂದಿದ್ದೆ. ಯಂತ್ರ ಮಿಣಿ ಮಿಣಿ ಅನಕೋತ ಕಾಯಾಕತ್ತಿತ್ತು. ಅಕಿ ಕೂಸಿಗೆ ಕಲಸೂವಾಗ ಕೇಳೇನಿ, ‘ವೈ’ ಒತ್ತಿದ್ರ ಹೌದು, ‘ಎನ್’ ಒತ್ತಿದ್ರ ಇಲ್ಲ. ಶುಕ್ರವಾರ, ದೀಪಾ ಹಚ್ಚಿದ ಹೊತ್ತು, ಅಂಗಡ್ಯಾಗ ಯಾರರ ‘ಇಲ್ಲ’ ಅಂತಾರೇನು? ನಮ್ಮ ಅತ್ತಿ ಉಪ್ಪು ತೀರಿದ್ರೂ ‘ಹೆಚ್ಚಾಗೈತಿ’ ಅಂತಿದ್ದಾಕಿ. ವೈ ಒತ್ತಿದೆ, ಪಕ್ಕದ ದೊಡ್ಡ ಗುಂಡೀನೂ ಒತ್ತಿದೆ. ಬಿಳೀ ಸಾಲು ಮಳಿಯಂಗ ಸುರದು ಸುರದು ನಿಂತವು. ಚೊಲೋ ಅನಸ್ತು ನೋಡಾಕ.

೪ ಜುಲೈ, ಶನಿವಾರ

ಕನ್ನಡ ಹೋತು.

ಅಂದ್ರ ಯಂತ್ರದಾಗಿಂದ. ಅ ಇಲ್ಲ, ಆ ಇಲ್ಲ. ಅಕ್ಷರ ಇರೂ ಕಡೆ ಎಲ್ಲಾ ಸಣ್ಣ ಸಣ್ಣ ಖಾಲಿ ಚೌಕ. ಓಣಿ ಕರಿಯವ್ವನ ಮನಿ ಒಕ್ಕಲದ ಪತ್ರಿಕಿ ಇವತ್ತ ಕೊಡೂದಿತ್ತು. ಕರಿಯವ್ವ ಬಂದು ಹಾಳಿ ಹಿಡದು ನೋಡಿದ್ಲು.

‘ಇದೇನಬೇ ಅರುಣಾ, ನನ್ನ ಗಂಡನ ಹೆಸರ ಇರೂ ಜಾಗಾದಾಗ ನಾಕ ಡಬ್ಬಿ ಇಟ್ಟೀ?’

ನಾ ಒಳಗಿಂದ ಅಂದೆ, ‘ಬರಾಬರಿ ಐತಿ ತಗೋ. ನಿನ್ನ ಗಂಡಗ ಅದಕಿಂತ ಖರೇ ಚಿತ್ರಾ ಯಾರ ತಗೀಬೇಕು?’

ಕರಿಯವ್ವ ಉರಕೊಂಡ ಹೋದ್ಲು. ಅಕಿ ನನ್ನ ಕಡೆ ತಿರಗಿದ್ಲು. ‘ಅತ್ತಿ, ನಿನ್ನೆ ನೀವ ಒತ್ತಿದ್ರೇನ್ರಿ?’

‘ಒತ್ತಿದೆ. ದೀಪದ ಹೊತ್ತಿನ್ಯಾಗ ಇಲ್ಲ ಅನ್ನಾಕ ನನಗ ಬರೂದಿಲ್ಲ.’

ಬೈತಾಳಂತ ಸೆಟೆದು ನಿಂತೆ. ಅಕಿ ಬಾಯಿಗೆ ಸೆರಗ ಒತ್ತಿಕೊಂಡು ಒಳಗ ಹೋದ್ಲು. ಭುಜ ಅಳ್ಳಾಡತಿದ್ವು. ನಕ್ಕಳೋ, ಏನ ಅತ್ತಳೋ. ಅಡಗಿಮನಿ ಬಾಗಲಕ ಹೋಗಿ ನಿಂತೆ, ಒಳಗ ಹೋಗಲಿಲ್ಲ.

ಮಧ್ಯಾಹ್ನ ಕನಸು. ಆ ಚೌಕೆಲ್ಲಾ ಮನಿ ಆಗಿದ್ವು. ಬಾಗಲಾ ಇಲ್ಲ, ಕಿಟಕಿ ಇಲ್ಲ, ಸಾಲಽ ಸಾಲು. ನಾ ನಡೂ ಹಾದ್ಯಾಗ ನಿಂತು ಪ್ರವೀಣನ್ನ ಒದರಿದೆ. ನನ್ನ ಬಾಯಾಗಿಂದಾನೂ ಒಂದೊಂದಽ ಖಾಲಿ ಚೌಕ ಹೊರಗ ಬಿದ್ದು, ಗಾಳ್ಯಾಗ ತೇಲಿಕೋತ ಹೋದ್ವು.

೬ ಜುಲೈ, ಸೋಮವಾರ

ಹಾವೇರಿಯಿಂದ ಕುತುಬುದ್ದೀನ ಬಂದ. ಪ್ರವೀಣನ ಗೆಳ್ಯಾ, ಅಲ್ಲೆ ಕಾಲೇಜಿನ ಕಂಪ್ಯೂಟರ್ ಕೋಣಿ ನೋಡಿಕೋತಾನ. ಈ ಲಿನಕ್ಸ್ ಹಚ್ಚಿಕೊಟ್ಟಾವ ಅವನಽ. ಬಂದವನ ನನ್ನ ಕಾಲ ಹಂತ್ಯಾಕ ಕುಂತು ನಕ್ಕ.

‘ಅವ್ವಾರ, ಕನ್ನಡ ಅಕ್ಷರ ಎಲ್ಲಾ ಓಡಿಸಿಬಿಟ್ಟೀರಂತ?’

‘ನಾ ಯಾಕ ಓಡಸ್ಲಿ? ಸಾಲಿ ಹುಡುಗರ ಗಂಟು ತಗದ್ರ ಕನ್ನಡ ಯಾಕ ಹೋಗಬೇಕು? ಅದಕ್ಕೂ ಇದಕ್ಕೂ ಏನ ಸಂಬಂಧ?’

‘ಕನ್ನಡದ ಗಂಟು ಅದರ ಹಿಂದ ಬಂದಿತ್ರಿ. ಈ ಯಂತ್ರಕ್ಕ ಎರಡ ಥರಾ ಗೊತ್ತು. ಒಂದು, ನಾವ ಹೆಸರ ಹೇಳಿ ಕರಸಿದ್ದು. ಇನ್ನೊಂದು, ಅದರ ಹಿಂದ ಬೇಕಾಗತೈತಿ ಅಂತ ತಾನಽ ಬಂದದ್ದು. ಪ್ರವೀಣ ಸಾಲಿ ಗಂಟಿನ್ನ ಕರಸಿದ್ದ, ಕನ್ನಡ ಅದರ ಸಂಗಾಟ ಬಂತು. ಈಗ ಕರಸಿದ್ದು ಹೋತಲ್ರಿ. ಹಿಂದ ಬಂದದ್ದು ಇನ್ನ ಯಾರಿಗೂ ಬ್ಯಾಡ ಅಂತ ಇದರ ಲೆಕ್ಕ.’

‘ಬ್ಯಾಡ ಅಂದ್ರ? ದಿನಾ ಕನ್ನಡದಾಗಽ ಕೆಲಸಾ ನಡದಿತ್ತಲ್ಲೋ! ಈ ಅಂಗಡಿ ನಿಂತದ್ದಽ ಅದರ ಮ್ಯಾಲ.’

‘ಕೆಲಸಾ ಎಷ್ಟ ಮಾಡತೈತಿ ಅಂತ ಇದು ನೋಡೂದಿಲ್ರಿ. ಯಾರ ಹಿಂದ ಬಂತು ಅಂತ ಅಷ್ಟಽ ನೋಡತೈತಿ.’

‘ಕರುಳಿಲ್ಲದ ಯಂತ್ರ.’

‘ಹಂಗ ಅನ್ನಬ್ಯಾಡ್ರಿ ಅವ್ವಾರ. ಕೇಳದಽ ಏನೂ ತಗಿಯೂದಿಲ್ಲ ಇದು. ತಗೀಲೇನು ಅಂತ ಕೇಳಿತ್ತು. ಹೂಂ ಅಂದವರು ಯಾರು?’

ಅರುಣಾ ತಟ್ಟನ ಎದ್ದು ಚಾ ಮಾಡಾಕ ಹೋದ್ಲು. ತಂದ ಚಾದಾಗ ಸಕ್ಕರಿ ಇರಲಿಲ್ಲ. ಕುತುಬುದ್ದೀನ ಸುಮ್ಮನ ಕುಡದ, ನಾನೂ ಕುಡದೆ.

ಆಮ್ಯಾಲ ಅವ ಕನ್ನಡದ ಗಂಟಿನ್ನ ಅದರ ಹೆಸರಲೆ ಕರಸಿದ. ಇನ್ನ ಯಾರ ಬಂದ್ರೂ, ಯಾರ ಹೋದ್ರೂ ಅದು ಇರತೈತಂತ. ಚೌಕದೊಳಗ ಒಂದೊಂದಽ ಅಕ್ಷರ ಹೊಳ್ಳಿ ಬಂದು ಕುಂತವು. ಕರಿಯವ್ವನ ಗಂಡಾನೂ ಬಂದ.

೭ ಜುಲೈ, ಮಂಗಳವಾರ

ರೊಟ್ಟಿ ಸೀದವು. ಎರಡನೇದೂ ಸೀತು. ಏನ ವಿಚಾರ ಮಾಡಾಕತ್ತಿದ್ದೆ ಅಂತ ಸ್ನೇಹಾ ಕೇಳಿತು. ಏನೂ ಇಲ್ಲ ಅಂದೆ.

೧೪ ಜುಲೈ, ಮಂಗಳವಾರ

ಜಿಟಿ ಜಿಟಿ ಮಳಿ. ಇಂಥಾ ಮುಂಜಾನೆ ಊರಿಗೆ ಊರಽ ಕೌದಿ ಹೊತ್ತು ಮಲಗಿದಂಗ ಇರತೈತಿ. ಲಗೂ ಎಚ್ಚರಾತು, ಚಾ ಇಡದಽ ಅಂಗಡಿಗೆ ಬಂದೆ. ಅರುಣಾ ನನ್ನಕಿಂತ ಮೊದಲ ಬಂದು ಕುಂತಿದ್ಲು. ನೀಲಿ ಪಟ್ಟಿ ಆಗಲೇ ತುಂಬಿತ್ತು. ಪ್ರಿಂಟರಿನ ಹೊಟ್ಟಿ ತೆರದು, ಯಂತ್ರದಾಗ ಏನೇನೋ ಬಡಿಯಾಕತ್ತಿದ್ಲು.

‘ಏನಾಗೈತಿ?’

‘ಏನಿಲ್ರಿ. ಹೊಸ ಗಂಟು ಬಂದಾಗೊಮ್ಮೆ ಇದು ಮುನಸ್ಕೋತೈತಿ. ನೀವ ಚಾ ಕುಡದು ಒಳಗ ಹೋದಮ್ಯಾಲ ಸಮಾ ಮಾಡತೇನಿ.’

‘ದಿನಾ?’

‘ಬಂದ ದಿನಾ.’

‘ಮತ್ತ ತಾನಾಗೇ ಬರೂದು ಬಂದ್ ಮಾಡತೇನಿ ಅಂದಿದ್ದಿ ಅಲ್ಲಾ?’

‘ನೀವ ಅದನ್ನ ನೋಡಾಕ ಬರತೀರಲ್ರಿ ಅತ್ತಿ.’ ಕಣ್ಣ ಯಂತ್ರದ ಮ್ಯಾಲಽ ಇತ್ತು. ‘ನನಗೂ ಹಂಗಽ ಅನಸತೈತ್ರಿ. ಪಟ್ಟಿ ತುಂಬೂತನಕ ಇವರ ಇಲ್ಲೇ ಎಲ್ಲೋ ಅದಾರ ಅಂತ. ತುಂಬಿದ ಕೂಡ್ಲೆ ಹೋಗತಾರ.’

ಮಳಿ ಹಂಚಿನ ಮ್ಯಾಲ ಏನೋ ಹೇಳತಿತ್ತು. ಸ್ಟೂಲ ಎಳಕೊಂಡು ಅಕಿ ಬಾಜೂಕ ಕುಂತೆ.

‘ಬಂದ್ ಮಾಡು’ ಅಂದೆ. ‘ನೀನಽ ನೋಡಿ, ಬೇಕಾದ್ದು ತಗೋ. ಅವ ಹಾಕಿದ ಅಂಗಿ ನಾವ ಹರಿದಲ್ಲಿ ಹೊಲೀಲಿಲ್ಲೇನು? ಹಂಗ ತಿಳಿ.’

ಅಕಿ ಯಂತ್ರದಾಗ ಒಂದ ಕಡೆ ಗುರುತು ತಗದು ಇನ್ನೊಂದ ಕಡೆ ಹಾಕಿದ್ಲು, ಅಷ್ಟಽ. ಕಣ್ಣೀರು ಗದ್ದಕ್ಕ ಬಂದು ನಿಂತಿತ್ತು. ಕಡಪಾ ಕಲ್ಲು ಬೆವರೂದು ನಾ ನೋಡೇನಿ ಮಳಿಗಾಲದಾಗ. ಇದು ಅದಲ್ಲ.

೨೨ ಜುಲೈ, ಬುಧವಾರ, ನಾಗರ ಅಮಾಸಿ

ಮುಂಜಾನೆ ಗ್ರಹಣ. ಮಾಡಾ ಮುಚ್ಚಿ ಸೂರ್ಯಾನ ಕಾಣಲಿಲ್ಲ. ಬೆಳಕು ಮಾತ್ರ ಹಿತ್ತಾಳಿ ಬಣ್ಣಕ್ಕ ತಿರಗಿ, ಕೋಳಿ ಕೂಗಬೇಕೋ ಬ್ಯಾಡೋ ಅಂತ ವಿಚಾರ ಮಾಡಾಕತ್ತಿದ್ವು. ಓಣಿ ಬಾಗಲಾ ಎಲ್ಲಾ ಮುಚ್ಚಿದ್ವು. ನಾನು, ಅರುಣಾ ಕಟ್ಟಿ ಮ್ಯಾಲ ಕುಂತಿದ್ವಿ. ಸ್ನೇಹಾ ನನ್ನ ತೊಡಿ ಮ್ಯಾಲ ನಿದ್ದಿ.

‘ಪಂಚಮಿಗೆ ಹೋಗಾಕಿ ಏನು?’ ಅಂತ ಕೇಳಿದೆ.

‘ಅಣ್ಣ ಕರಿಯಾಕ ಬರತಾನಂತ. ನೀವೂ ಹೂಂ ಅಂದೀರಂತ.’

ಅಕಿಗೆ ಗೊತ್ತೈತಿ. ಅವತ್ತ ಹಿತ್ತಲದಾಗಿಂದ ಎಲ್ಲಾ ಕೇಳ್ಯಾಳ. ನನ್ನ ಬಾಯಿ ಇಡೀ ಬ್ಯಾಡಗಿಗೆ ಸಾಲೂವಷ್ಟು ಐತಿ ಅಂತಾರ ಮಂದಿ. ಆ ಬೆಳಕಿನ್ಯಾಗ ಅದು ಎಲ್ಲಿ ಹೋಗಿತ್ತೋ.

೨೪ ಜುಲೈ, ಶುಕ್ರವಾರ

ಯಲ್ಲೇಶ ಬಂದ. ಬುತ್ತಿ ಕಟ್ಟಿದೆ. ಎಳ್ಳ ಹಚ್ಚಿದ ರೊಟ್ಟಿ, ಶೇಂಗಾ ಉಂಡಿ, ಅಳ್ಳಿಟ್ಟು. ಕೂಸಿನ ಅರಬಿ ಮಡಚೂವಾಗ ಒಂದ ಲಂಗಾ ಸುಮ್ಮನ ಟ್ರಂಕಿನ ಹಿಂದ ಸರಿಸಿಟ್ಟೆ.

ಅರುಣಾ ಯಂತ್ರಕ್ಕ ಅರಬಿ ಹೊಚ್ಚಿ ಬಂದ್ಲು. ‘ಅತ್ತಿ, ಅದು ಏನರ ಕೇಳಿದ್ರ ಹಂಗಽ ಬಿಡ್ರಿ. ಏನೂ ಒತ್ತಬ್ಯಾಡ್ರಿ. ನಾ...’

ಅಷ್ಟಕ್ಕ ನಿಲ್ಲಿಸಿದ್ಲು. ಆಟೋದಾವ ಹಾರ್ನ್ ಹೊಡದ. ಕೂಸು ಕೈ ಬೀಸಿತು, ‘ಆಯಿ, ಬರತೇನಿ!’ ಅಂತು. ಅರುಣಾ ‘ಬರತೇನಿ’ ಅನ್ನದಽ ಆಟೋ ಹತ್ತಿದ್ಲು.

೨೬ ಜುಲೈ, ಭಾನುವಾರ, ಪಂಚಮಿ

ಹುತ್ತಿಗೆ ಹಾಲ ಎರಿಯಾಕ ಹೋಗಿದ್ದೆ. ಕೊಬ್ಬರಿ ಬಟ್ಟಲದಾಗ ಹಾಲು. ನಮ್ಮಲ್ಲೆ ಮನ್ಯಾಗಿನವರದು ಒಬ್ಬೊಬ್ಬರ ಹೆಸರ ತಗೊಂಡು ಎರೀಬೇಕು. ದೇವರ ಪಾಲು ಅಂದೆ, ಗುರುವಿನ ಪಾಲು ಅಂದೆ. ಸ್ನೇಹಾನ ಪಾಲು ಅಂದೆ. ಕೈ ತಾನಽ ಇನ್ನೊಮ್ಮೆ ಬಟ್ಟಲಾ ಬಗ್ಗಿಸ್ತು. ಅರುಣಾನ ಪಾಲು.

ಬಾಜೂಕ ಕರಿಯವ್ವ. ಪತ್ರಿಕಿ ಸಿಟ್ಟು ಇನ್ನೂ ಇಳದಿಲ್ಲ. ‘ಅಲ್ಲಬೇ ಮಂಗಳವ್ವಾ, ಅಕಿ ತೌರಮನ್ಯಾಗ ಉಳದಳಂತ ಊರೆಲ್ಲಾ ಅಂತೈತಿ. ಅಕಿ ಪಾಲು ಅಲ್ಲೇ ಎರೀತಾರ. ಹಾಲ ಯಾಕ ಹಾಳ ಮಾಡತೀ?’

‘ನಾಗಪ್ಪ ಎರಡ ಕಡೆ ಕುಡದ್ರ ನಿನ್ನ ಹೊಟ್ಟಿ ಯಾಕ ಉಬ್ಬತೈತಿ?’

ಮನಿಗೆ ಬಂದೆ. ಓಣಿಯೊಳಗ ಹುಡುಗ್ಯಾರು ಜೋಕಾಲಿ ಆಡಾಕತ್ತಿದ್ರು, ಹಗ್ಗದ ಕಿರ್ರ ಕಿರ್ರ ಸದ್ದು ಪಡಸಾಲಿತನಕ. ಯಂತ್ರದ ಅರಬಿ ತಗದು, ಗುಂಡಿ ಒತ್ತಿದೆ. ಕಣ್ಣ ಬಿಟ್ತು. ಹೊಸಾವು ಬಂದಾವ ಅಂತ ಒಂದು ಸಣ್ಣ ಗುರುತು ಮೂಲ್ಯಾಗ ಬಂದು ನಿಂತಿತು. ಈಗ ಅದು ತಾನಾಗೇ ಏನೂ ತಗೊಳ್ಳೂದಿಲ್ಲ, ನೋಡಿ ಆರಿಸಾಕಿ ಬರಬೇಕು. ನಾ ಎದರಿಗೆ ಕುಂತೆ, ಅದೂ ಕುಂತಿತ್ತು. ಜೋಂಪು ಹತ್ತಿತು. ಪ್ರವೀಣ ಕನಸಿನ್ಯಾಗ ಬರಲಿಲ್ಲ. ಯಾರೂ ಬರಲಿಲ್ಲ.

೩೦ ಜುಲೈ, ಗುರುವಾರ

ರಾಣೆಬೆನ್ನೂರಿಗೆ ಹೋಗಿ ಬಂದೆ.

ಸೊಸೀನ್ನ ಹೊಳ್ಳಿ ಕರಿಯಾಕ ಗಂಡ ಹೋಗತಾನ, ಅವ ಇರದಿದ್ರ ಮೈದುನ. ಅತ್ತಿ ಹೋದದ್ದು ನಾ ಕೇಳಿಲ್ಲ. ಯಾರೂ ಇರದಿದ್ರ ಏನ ಮಾಡಬೇಕು ಅಂತಾನೂ ಯಾರೂ ಹೇಳಿಲ್ಲ. ಇಳಕಲ್ಲ ಸೀರಿ ಉಟಗೊಂಡು ಬಸ್ಸ ಹತ್ತಿದೆ. ಕಿಟಕ್ಯಾಗ ಹಸರ ಹೊಲಾ, ತೇಲೂ ಮಾಡಾ. ನಾ ಹೋಗಾಕತ್ತೇನೋ, ಹೊಲಗೋಳು ನನ್ನ ಕಡೆ ಬರಾಕತ್ತಾವೋ ತಿಳೀಲಿಲ್ಲ.

ಯಲ್ಲೇಶನ ಮನಿ ಸ್ಟೇಶನ್ ಹತ್ತರ. ಬಾಗಲಾ ಅವನಽ ತೆರದ. ಗಾಬರ್ಯಾದ.

‘ಬರ್ರಿ ಅತ್ತಿಯವರ, ಕುಂದ್ರಿ. ಕೂಸಿನ್ನ ನೋಡಾಕ ಬಂದ್ರೇನ್ರಿ?’

‘ಅರುಣಾನ್ನ ಕರಿಯಾಕ ಬಂದೇನಿ.’

ಅವ ಕುರ್ಚಿ ಒರಸೂದು ಬಿಟ್ಟು ನಿಂತ. ‘ಆ ಮಾತ ಮುಗದಿತ್ತಲ್ರಿ. ನೀವಽ ಹೂಂ ಅಂದಿದ್ರಿ. ಸೋಮವಾರ ಆಫೀಸಿಗೆ ಹೋಗಾಕಿ ಅಕಿ. ಸಿಟ್ಟಾಗಬ್ಯಾಡ್ರಿ, ಪ್ರವೀಣಕುಮಾರ ಇದ್ದಾಗಿನ ಮಾತು ಬ್ಯಾರೆ ಇತ್ತು. ಈಗ ಅಕಿ ಅಲ್ಲೆ ಯಾರಂತ ಇರಬೇಕು?’

ಹಾದಿ ತುಂಬ ಜವಾಬ ಹೆಣಕೊಂಡ ಬಂದಿದ್ದೆ, ಖಾರದ್ದು. ಒಂದೂ ನೆನಪಾಗಲಿಲ್ಲ.

‘ಅರುಣಾ ಅಂತ’ ಅಂದೆ. ‘ಅಂಗಡಿ ಅಕಿದು. ಮನೀನೂ ಅಕಿದು. ನಾನು ಅಕಿ ಕೂಡ ಇರತೇನಿ, ಅಕಿ ಇಟ್ಟುಕೊಂಡ್ರ.’

ಅಡಗಿಮನಿ ಬಾಗಲದಾಗ ಅರುಣಾ ಬಂದು ನಿಂತಿದ್ಲು. ಕೈ ತುಂಬ ಹಿಟ್ಟು. ಸ್ನೇಹಾ ಸೆರಗ ಹಿಡದಿತ್ತು.

‘ಅಣ್ಣಾ, ನೀ ಅವರನ್ನ ಕೇಳಿದಿ’ ಅಂದ್ಲು. ‘ಅತ್ತಿ, ನೀವ ಇವಗ ಹೇಳಿದ್ರಿ. ನನ್ನ ಯಾರರ ಕೇಳಿದ್ರೇನು?’

ರೈಲು ಹಾದು ಹೋತು, ಮನಿ ಪಾತ್ರಿ ಎಲ್ಲಾ ನಡಗಿದ್ವು. ಅದು ಹೋಗೂತನಕ ಕಾದೆ.

‘ಈಗ ಕೇಳತೇನಿ. ಬರತೀ ಏನು? ಬ್ಯಾಡ ಅಂದ್ರ ಬ್ಯಾಡ ಅನ್ನು. ಅತ್ತಿ ಅಂತ ನೋಡಬ್ಯಾಡ.’

ಅಕಿ ಕೈಯಾಗಿನ ಹಿಟ್ಟ ಉದರಿಸಿಕೋತ ನನ್ನನ್ನಽ ನೋಡಿದ್ಲು, ಬಾಳೊತ್ತು. ಆ ನೋಟದಾಗ ಅಕಿ ಸೊಸಿಯಾಗಿ ಬಂದಾಗಿಂದ ನಾ ಆಡಿದ ಎಂಟ ವರ್ಷದ ಮಾತೆಲ್ಲಾ ಒಂದೊಂದಾಗಿ ಹಾದು ಹೋದವು, ನನಗೂ ಕಂಡವು.

‘ಊಟಾ ಮಾಡಿ ಹೋಗೂಣ್ರಿ’ ಅಂದ್ಲು. ‘ಅಣ್ಣಾ, ಸೋಮವಾರ ನಾ ಬರೂದಿಲ್ಲಂತ ಆಫೀಸಿನ್ಯಾಗ ಹೇಳು. ಪಂಚಮಿಗೆ ಮಾತ್ರ ಮುಂದಿನ ವರ್ಷಾನೂ ಕರಿಯಾಕ ಬರಬೇಕು ನೋಡ.’

ಯಲ್ಲೇಶ ತಲಿ ಕೆರಕೊಂಡ. ಆಮ್ಯಾಲ ಅವನಽ ಬಸ್ ಸ್ಟ್ಯಾಂಡಿನತನಕ ಗಂಟು ಹೊತ್ತ.

ಬಸ್ಸಿನ್ಯಾಗ ಸ್ನೇಹಾ ಕಿಟಕಿ ಕಡೆ. ಅರುಣಾ ನಡುವ. ಊರ ದಾಟೂದ್ರಾಗ ಅಕಿಗೆ ನಿದ್ದಿ ಹತ್ತಿತು. ಎಷ್ಟ ದಿನದ ನಿದ್ದಿಯೋ, ತಲಿ ವಾಲಿ ನನ್ನ ಬಲಗೈ ಮ್ಯಾಲ ಬಿತ್ತು. ಭಾರ ಇತ್ತು. ಮೋಟೆಬೆನ್ನೂರ ಬಂತು, ಹೋತು. ಕಂಡಕ್ಟರ್ ಬಂದು ಚೀಟಿ ಕೇಳಿದ, ಎಡಗೈಲೆ ತಗದು ತೋರಿಸಿದೆ. ಮಳಿ ಕಿಟಕಿ ಒಳಗ ಹೊಡೀತು, ಸರೀಲಿಲ್ಲ.

ಈಗ ಅರುಣಾ ಪಡಸಾಲ್ಯಾಗ ಕುಂತು, ಇಷ್ಟ ದಿನಾ ಕಾದಿದ್ದ ಗಂಟುಗಳನ್ನ ಒಂದೊಂದಾಗಿ ನೋಡಾಕತ್ತಾಳ. ‘ಇದು ಬೇಕು, ಇದು ಬ್ಯಾಡ’ ಅಂತ ತನ್ನಷ್ಟಕ್ಕ ಅನ್ನೂದು ಇಲ್ಲಿತನಕ ಕೇಳಸತೈತಿ. ನನ್ನ ತೋಳು ಇನ್ನೂ ಜುಮು ಜುಮು ಅಂತೈತಿ, ಪೆನ್ನ ನಿಲ್ಲವಲ್ದು. ಅಕ್ಷರೆಲ್ಲಾ ಸೊಟ್ಟ ಬಿದ್ದಾವ. ಬೀಳ್ಲಿ.